ಗಾಳಿಯನ್ನು ಗಾಳಿಸುವ ಕಾಗದ

ನಮ್ಮ ಕಡೆ ಸೋಸುವುದಕ್ಕೆ ಗಾಳಿಸುವುದು ಎನ್ನುತ್ತೇವೆ. ಬದಿಯಡ್ಕದ ಗ್ಯಾರೇಜಿನಲ್ಲಿ ಕಾರಿನ ಏರ್ ಫಿಲ್ಟರ್ ಬಿಚ್ಚಿದಾಗ ಆ ಮಾತು ನೆನಪಾಯಿತು. ಕಾಗದದ ನೆರಿಗೆಗಳ ಸಂದಿಯಲ್ಲೆಲ್ಲ ಮುರಕಲ್ಲಿನ ಕೆಂಪು ಹುಡಿ. ಆರು ಪಥದ ಹೆದ್ದಾರಿಯ ಕೆಲಸ ನಡೆದಷ್ಟು ಕಾಲ ಕುಂಬಳೆಗೆ ಹೋಗಿಬರುವಾಗ ನಾನೂ ಕಾರೂ ಉಸಿರಾಡಿದ್ದು ಇದನ್ನೇ.

ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಹಾಕಿಸಿ, ಗಾಳಿ ಸಲೀಸು, ತೊಳೆದು ಮತ್ತೆ ಬಳಸಬಹುದು ಎಂದು ಅಳಿಯ ಹೇಳಿದ್ದ. ಅವನ ಮಾತಿಗೂ ಅರ್ಥವಿತ್ತು. 1200 ಸಿಸಿಯ ಇಂಜಿನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಆ ಒಂದು ನಿಮಿಷದಲ್ಲಿ 1800 ಲೀಟರಿನವರೆಗೂ ಗಾಳಿ ಎಳೆದೀತು. ಸುಮ್ಮನೆ ಕುಳಿತ ಮನುಷ್ಯನಿಗೆ ಅಷ್ಟೇ ಹೊತ್ತಿಗೆ ಆರೇಳು ಲೀಟರು ಸಾಕು. ಆದರೆ ಹತ್ತಿಯದ್ದು ನುಣ್ಣನೆಯ ಹುಡಿಯನ್ನು ಸಾಮಾನ್ಯವಾಗಿ ಹೆಚ್ಚು ಒಳಬಿಡುತ್ತದೆ, ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ. ಕಾಗದದ್ದೇ ಇರಲಿ ಎಂದೆ.

"ಹೊಸತಕ್ಕಿಂತ ಸ್ವಲ್ಪ ಹುಡಿ ಹಿಡಿದದ್ದೇ ಚೆಂದ ಗಾಳಿಸುತ್ತದೆ ಭಟ್ರೇ," ಎಂದ ಮೆಕ್ಯಾನಿಕ್. ನಿಜ. ಹಿಡಿದ ಹುಡಿಯೇ ಮುಂದಿನ ಹುಡಿಯನ್ನು ತಡೆಯುತ್ತದೆ. ಪೂರ್ತಿ ಕಟ್ಟಿಕೊಂಡರೆ ಮಾತ್ರ ಇಂಜಿನು ಏದುಸಿರು ಬಿಡುತ್ತದೆ.

ಉಸಿರಿನ ಬಗ್ಗೆ ಛಾಂದೋಗ್ಯ ಉಪನಿಷತ್ತಿನಲ್ಲೂ ಒಂದು ಕಥೆಯಿದೆ. ದೇವತೆಗಳು ಮೊದಲು ಮೂಗಿನ ಉಸಿರನ್ನು ನೆಚ್ಚಿದರು. ಅಸುರರು ಅದಕ್ಕೆ ಪಾಪ ತಾಗಿಸಿದರು. ಮೂಗಿಗೆ ಸುವಾಸನೆಯ ಜೊತೆ ದುರ್ವಾಸನೆಯೂ ಬಂತು. ಮಾತು, ಕಣ್ಣು, ಕಿವಿ, ಮನಸ್ಸು ಎಲ್ಲಕ್ಕೂ ಅದೇ ಗತಿ. ಕೊನೆಗೆ ಎಲ್ಲಕ್ಕೂ ಮೇಲಾದ ಮುಖ್ಯಪ್ರಾಣನ ಮೇಲೆ ಏರಿಹೋದ ಅಸುರರು ಬಂಡೆಗೆ ಬಡಿದ ಮಣ್ಣಹೆಂಟೆಯಂತೆ ಪುಡಿಯಾದರು. ಕಾರಿನಲ್ಲೂ ಹುಡಿಯಿಂದ ಸಿಲಿಂಡರಿನ ಗೋಡೆಗೆ ಗೀರು ಬೀಳುತ್ತದೆ, ಗಾಳಿಗೆ ಬೀಳುವುದಿಲ್ಲ. ಪ್ರಾಣಕ್ಕೆ ಕೊಳೆ ತಾಗುವುದಿಲ್ಲ ಎಂದಾದರೆ ನಮ್ಮ ಮನೆಯ ಮಡಿ ಕಾಯುತ್ತಿದ್ದುದು ಯಾವುದನ್ನು?

ಶಾಸ್ತ್ರದ ಲೆಕ್ಕಕ್ಕೆ ದಿನಕ್ಕೆ 21,600 ಉಸಿರು, ಅಷ್ಟೂ ಹಂಸಮಂತ್ರದ ಜಪ. ಪ್ರತಿ ಜೀವದೊಳಗೂ ಅದನ್ನು ನಡೆಸುವವನು ವಾಯುವೇ ಆದ ಮುಖ್ಯಪ್ರಾಣ ಎಂದು ನಮ್ಮ ಮಾಧ್ವ ಮತ ನಂಬುತ್ತದೆ. ಮಧ್ವರೊಡನೆ ವಾದಿಸಿ ಶಿಷ್ಯರಾದ ತ್ರಿವಿಕ್ರಮ ಪಂಡಿತಾಚಾರ್ಯರು ಇದೇ ಸೀಮೆಯವರು; ಅವರ ವಾಯುಸ್ತುತಿ ನಮ್ಮಲ್ಲಿ ದಿನವೂ ಬೆಳಿಗ್ಗೆ ನಡೆಯುತ್ತಿತ್ತು. ಅದು ಮುಗಿದ ಮೇಲೆ ಅಂಗಳದ ಕೆಳಗೆ ನಿಂತ ಕೆಲಸದವರ ಗೆರಟೆಗೆ ಅಜ್ಜಿ ಮೇಲಿನಿಂದ ನೀರು ಎರೆಯುತ್ತಿದ್ದಳು. ಹಟ್ಟಿ ಬಳಿದು, ಗೊಬ್ಬರ ಹೊತ್ತು, ನಮ್ಮ ಕೊಳೆಯನ್ನೆಲ್ಲ ತಮ್ಮ ಮೈಗೆ ಹಿಡಿದವರು ಅವರು. ನಾವು ಶುದ್ಧರಾಗಿ ಉಳಿದದ್ದು ಅವರಿಂದ. ಅವರ ಎದೆಯಲ್ಲೂ ಅದೇ ಜಪ ನಡೆದಿತ್ತಲ್ಲ! ಅಜ್ಜಿಗೆ ಕೈಲಾಗದ ದಿನ, ಹತ್ತು ವರ್ಷದ ನಾನೂ ಜಗಲಿಯಿಂದ ಹಾಗೆಯೇ ಎರೆದಿದ್ದೇನೆ.

ಆ ಕೆಲಸದವರಲ್ಲೊಬ್ಬರ ಮಗ ಈಗಲೂ ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುತ್ತಾರೆ. ನಾನು ಎರೆದ ಆ ನೀರಿನ ಮಾತನ್ನು ಅವರೊಡನೆ ಇನ್ನೂ ಎತ್ತಿಲ್ಲ. ಈ ಸಲದ ಕೊಯ್ಲಿಗೆ ಬಂದಾಗ ಎತ್ತಬೇಕು.