ಹನ್ನೊಂದು ಕಂಠ, ಒಂದು ಸಂಕಲ್ಪ

ಲಘುರುದ್ರವೆಂದರೆ ಶಿವನನ್ನು ಸ್ತುತಿಸುವ ರುದ್ರಪಾಠದ 121 ಆವರ್ತನ. ಒಂದಕ್ಕೆ 20 ನಿಮಿಷವೆಂದು ಹಿಡಿದರೂ ಒಬ್ಬರೇ ಹೇಳಿ ಮುಗಿಸಲು 40 ಗಂಟೆ ದಾಟುತ್ತದೆ. ಹನ್ನೊಂದು ಋತ್ವಿಜರು ತಲಾ ಹನ್ನೊಂದು ಸಲ ಹೇಳಿದರೆ 3 ಗಂಟೆ 40 ನಿಮಿಷ ಸಾಕು. ಶಿವಮೊಗ್ಗದ ಪಕ್ಕದ ಮತ್ತೂರು ತುಂಗೆಯ ದಂಡೆಯಲ್ಲಿ ವೇದಪಾಠ ಉಳಿಸಿಕೊಂಡ ಊರು. ಅಂಥ ಊರುಗಳಿಗೆ ಈ ಲೆಕ್ಕ ಹೊಸದಲ್ಲ.

ಹಲವು ಪ್ರೊಸೆಸರ್‌ಗಳಿಗೆ ಕೆಲಸ ಹಂಚುವ ಸಮಾನಾಂತರ ಗಣನೆಯ ಅಳತೆಯೂ ಇದೇ. ಒಂದೇ ಪ್ರೊಸೆಸರ್‌ಗೆ ಹಿಡಿಯುವ ಸಮಯವನ್ನು ಹಲವು ಸೇರಿದಾಗ ಹಿಡಿಯುವ ಸಮಯದಿಂದ ಭಾಗಿಸಿದರೆ ಸಿಗುವುದು ‘ಸ್ಪೀಡಪ್’. ಇಲ್ಲಿ ಅದು 11.

ಆದರೆ ಪಾರಾಯಣವಷ್ಟೇ ಕರ್ಮವಲ್ಲ. ಯಜಮಾನ ಅಂಗೈಯಲ್ಲಿ ಅಕ್ಷತೆ ಹಿಡಿದು, ತಿಥಿ, ಗೋತ್ರ ಹೇಳಿ, ನೀರು ಬಿಟ್ಟು ಸಂಕಲ್ಪ ಮಾಡಬೇಕು. ಕಲಶಸ್ಥಾಪನೆ, ಕೊನೆಗೆ ಪೂರ್ಣಾಹುತಿ. ಇವಕ್ಕೆ ಎರಡು ಗಂಟೆ ಸೇರಿಸಿದರೆ ಸ್ಪೀಡಪ್ 7.5ಕ್ಕೆ ಇಳಿಯುತ್ತದೆ. 121 ಮಂದಿ ಬಂದರೂ 18. ಎಷ್ಟೇ ಜನ ಸೇರಿದರೂ 21 ದಾಟಿ ಹೆಚ್ಚು ಹೋಗದು. ಹಂಚಲಾಗದ ಭಾಗವೇ ವೇಗದ ಮಿತಿ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ವಾದಿಸಿದ್ದು ಇದನ್ನೇ. ಜೊತೆಗೆ, ಹನ್ನೊಂದನೆಯವರು ಮುಗಿಸುವವರೆಗೆ ಉಳಿದ ಹತ್ತು ಮಂದಿಯೂ ಕಾಯಬೇಕು.

ಭದ್ರಾವತಿಯಲ್ಲಿ 1923ರಲ್ಲಿ ಉರಿಯತೊಡಗಿದ ಕಬ್ಬಿಣದ ಕುಲುಮೆಗೂ ಈ ಮಿತಿ ಇತ್ತು. ಮಲೆನಾಡಿನ ಇದ್ದಿಲು, ಅದಿರು ಹೊರಲು ಎಷ್ಟು ಕೈಗಳಾದರೂ ಸೇರಬಹುದು. ಒಳಗೆ ಅದಿರು ಕರಗುವುದು ಮಾತ್ರ ಅದರದೇ ಕಾಲದಲ್ಲಿ.

ಹಾಗಾದರೆ ಸಂಕಲ್ಪ, ಪೂರ್ಣಾಹುತಿಗಳ ಆ ಎರಡು ಗಂಟೆ ಬರೀ ಅಡ್ಡಿಯೇ? ಸಂಪ್ರದಾಯ ಬೇರೆ ದಾರಿ ಹಿಡಿಯಿತು. ಜನ ಹೆಚ್ಚಿದಾಗ ಅದು ಸಮಯ ಉಳಿಸಲಿಲ್ಲ, ಕರ್ಮವನ್ನೇ ಹಿಗ್ಗಿಸಿತು: ಲಘುರುದ್ರದ ಹನ್ನೊಂದರಷ್ಟು ಮಹಾರುದ್ರ, 1331; ಅದರ ಹನ್ನೊಂದರಷ್ಟು ಅತಿರುದ್ರ, 14,641. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಗಸ್ಟಾಫ್ಸನ್ 1988ರಲ್ಲಿ ಹೇಳಿದ್ದೂ ಇದೇ: ಪ್ರೊಸೆಸರ್ ಹೆಚ್ಚಿದಂತೆ ಜನ ದೊಡ್ಡ ಸಮಸ್ಯೆಯನ್ನೇ ಕೈಗೆತ್ತಿಕೊಳ್ಳುತ್ತಾರೆ, ಅಳೆಯಬೇಕಾದದ್ದು ಅಷ್ಟೇ ಸಮಯದಲ್ಲಿ ಆದ ಕೆಲಸವನ್ನು.

ಫಲದ ಪ್ರಶ್ನೆ ಉಳಿಯಿತು. ಕೆಲಸ ಹನ್ನೊಂದು ಪಾಲಾದರೆ ಪುಣ್ಯವೂ ಪಾಲಾಗುತ್ತದೆಯೇ? ಋತ್ವಿಜರೇ ಯಜಮಾನರಾಗುವ ಸತ್ರಯಾಗದ ಬಗ್ಗೆ, ವೇದಕರ್ಮಗಳ ಅರ್ಥ ವಿಚಾರಿಸುವ ಮೀಮಾಂಸಕರು ಸ್ಪಷ್ಟವಾಗಿ ಉತ್ತರಿಸಿದ್ದಾರೆ: ಫಲ ಪ್ರತಿಯೊಬ್ಬನಿಗೂ ಪೂರ್ತಿ. ಗಡಿಯಾರದ ಭಾಗಾಕಾರಕ್ಕೆ ಈ ಉತ್ತರ ಸಿಗದು, ಏಕೆಂದರೆ ಅದು ಎಣಿಸುವುದು ಹಂಚಿಹೋದದ್ದನ್ನು ಮಾತ್ರ.

ಪೂರ್ಣಾಹುತಿಯ ಹೊತ್ತಿಗೆ ಕೆಂಪು ವಸ್ತ್ರ ಸುತ್ತಿದ ಕೊಬ್ಬರಿ ಯಜಮಾನನ ಕೈಯಲ್ಲಿರುತ್ತದೆ. ಹೆಂಡತಿ ಅವನ ತೋಳು ಮುಟ್ಟುತ್ತಾಳೆ, ಮಗ ಅವಳ ಭುಜ, ಹಿಂದೆ ನಿಂತವರು ಅವನನ್ನು. ಇಡೀ ಮನೆ ಒಂದು ಕೈಯಾಗಿ ಬಾಗುವ ಆ ಕ್ಷಣಕ್ಕೆ ಎಲ್ಲ ಆವರ್ತನಗಳೂ ಕಾದಿರುತ್ತವೆ.