ಚಳಿಯ ನೆನಪು, ಬೀಗರ ಕರ್ಮ

"ತಂದೆತಾಯಿ ಅನುಭವಿಸಿದ್ದು ಮಕ್ಕಳ ಜೀನಿನ ಮೇಲೆ ಗುರುತು ಬಿಡುತ್ತದಂತಲ್ಲ ಮೇಷ್ಟ್ರೇ, ಕರ್ಮಸಿದ್ಧಾಂತಕ್ಕೆ ಕೊನೆಗೂ ರುಜುವಾತು ಸಿಕ್ಕಿತು!" ಇದು ನಮ್ಮ ಬೀಗರ ವಾದ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಬೀಗರ ಮಾತು ತೆಗೆದುಹಾಕುವಂತಿಲ್ಲ, ಒಪ್ಪಲು ಮನಸ್ಸೂ ಇಲ್ಲ. ಅದಕ್ಕೇ ಅವರಿಗೆ ಅರಾಬಿಡಾಪ್ಸಿಸ್ ಕತೆ ಹೇಳುತ್ತೇನೆ.

ಸಾಸಿವೆ ಬಳಗದ ಪುಟ್ಟ ಕಳೆಗಿಡ ಇದು. ಯೂರೋಪಿನಲ್ಲಿ ಇದರ ಕೆಲವು ತಳಿಗಳು ಚಳಿಗಾಲ ಕಳೆದ ಮೇಲೆಯೇ ಹೂ ಬಿಡುತ್ತವೆ. ಅಲ್ಲಿಯವರೆಗೆ ಹೂವಿಗೆ ಅಡ್ಡಗಾಲು ಹಾಕುವುದು ಎಫ್‌ಎಲ್‌ಸಿ ಎಂಬ ಜೀನು. ವಾರಗಟ್ಟಲೆ ಚಳಿ ತಾಗಿದರೆ ಅದರ ಸದ್ದಡಗುತ್ತದೆ. ಡಿಎನ್‌ಎಯ ಒಂದಕ್ಷರವೂ ಬದಲಾಗುವುದಿಲ್ಲ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೆ ಗುರುತು ಬೀಳುತ್ತದೆ, ಅಷ್ಟೆ. ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಜಾನ್ ಇನ್ನೆಸ್ ಕೇಂದ್ರದಲ್ಲಿ ಕ್ಯಾರೋಲಿನ್ ಡೀನ್ ಮತ್ತು ಸಂಗಡಿಗರು ಇನ್ನೊಂದು ಸೊಗಸು ಕಂಡರು. ಜೀನು ಎಲ್ಲ ಕೋಶಗಳಲ್ಲೂ ಒಟ್ಟಿಗೆ ಕುಗ್ಗುತ್ತ ಹೋಗುವುದಿಲ್ಲ. ಒಂದು ಕೋಶದಲ್ಲಿ ಪೂರ್ತಿ ಆರಿರುತ್ತದೆ, ಪಕ್ಕದ್ದರಲ್ಲಿ ಪೂರ್ತಿ ಉರಿಯುತ್ತಿರುತ್ತದೆ, ರಾತ್ರಿಯಾದಂತೆ ಬೀದಿಯ ಮನೆಗಳ ದೀಪ ಒಂದೊಂದಾಗಿ ಆರುವ ಹಾಗೆ. ಚಳಿ ಉದ್ದವಾದಷ್ಟೂ ಆರಿದ ಕೋಶಗಳು ಹೆಚ್ಚು. ಹೀಗೆ ಅಡ್ಡಗಾಲು ಸರಿದ ಮೇಲೆ, ವಸಂತದಲ್ಲಿ ಹಗಲು ಬೆಳೆದಾಗ ಎಲೆಯಲ್ಲಿ ತಯಾರಾದ ಎಫ್‌ಟಿ ಪ್ರೋಟೀನು ಕುಡಿಗೆ ಸಾಗಿ ಮೊಗ್ಗು ಕಟ್ಟಿಸುತ್ತದೆ.

"ಸಂಸ್ಕಾರ ಉಳಿಯಿತಲ್ಲ!" ಎನ್ನುತ್ತಾರೆ ಬೀಗರು. ಉಳಿಯಿತು, ಆ ಗಿಡ ಬದುಕಿರುವ ಮಟ್ಟಿಗೆ. ಬೀಜದೊಳಗೆ ಭ್ರೂಣ ಮೂಡುವಾಗ ಆ ಗುರುತೆಲ್ಲ ಅಳಿಸಿ ಎಫ್‌ಎಲ್‌ಸಿ ಮತ್ತೆ ಚಾಲೂ ಆಗುತ್ತದೆ. ತಾಯಿ ತಡೆದುಕೊಂಡ ಚಳಿ ಮಗಳ ಲೆಕ್ಕಕ್ಕೆ ಜಮೆಯಾಗುವುದಿಲ್ಲ.

ಜಮೆಯಾಗುತ್ತದೆಂದು ಹಟ ಹಿಡಿದವನು ಸೋವಿಯತ್ ದೇಶದ ಕೃಷಿತಜ್ಞ ಲೈಸೆಂಕೊ. ಚಳಿ ತಾಗಿಸಿದ ಗೋಧಿಯ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆಂದ. ಸ್ಟಾಲಿನ್ ಅವನ ಬೆನ್ನಿಗೆ ನಿಂತ. ಅವನನ್ನು ಎದುರಿಸಿದ ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ 1940ರಲ್ಲಿ ಬಂಧನಕ್ಕೊಳಗಾಗಿ 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ತೀರಿಕೊಂಡರು. ಸಿದ್ಧಾಂತಕ್ಕೆ ತಕ್ಕ ಹಾಗೆ ನಡೆ ಎಂದು ಗಿಡಕ್ಕೆ ಹೇಳಹೊರಟರೆ ಇಲ್ಲಿಯವರೆಗೂ ಬರುತ್ತದೆ. (ನಮ್ಮ ಬೀಗರು ಅಂಥವರಲ್ಲ ಬಿಡಿ, ವಾದ ಎಷ್ಟೇ ಕಾವೇರಲಿ, ಕಾಫಿ ಕುಡಿಸದೆ ಕಳಿಸುವುದಿಲ್ಲ.)

ಪೀಳಿಗೆ ದಾಟುವ ಗುರುತು ಇಲ್ಲವೇ ಇಲ್ಲವೆಂದೇನೂ ಇಲ್ಲ. ಲಿನೇರಿಯ ಗಿಡದಲ್ಲಿ ಹೂವಿನ ಆಕಾರವನ್ನೇ ಬದಲಿಸುವ ಅಂಥದ್ದೊಂದು 1999ರಲ್ಲಿ ವರದಿಯಾಗಿದೆ. ಆದರೆ ಅದರಿಂದಲೂ ಬೀಗರಿಗೆ ಲಾಭವಿಲ್ಲ. ನಮ್ಮ ದರ್ಶನಗಳ ಪ್ರಕಾರ ಕರ್ಮ ಅಂಟುವುದು ಜೀವಕ್ಕೆ, ವಂಶಕ್ಕಲ್ಲ. ಮಾಡಿದವನೇ ಉಣ್ಣಬೇಕು ಎಂಬುದೇ ಅದರ ನ್ಯಾಯ. ಅಪ್ಪ ಮಾಡಿದ್ದನ್ನು ಮಗ ಉಣ್ಣುವುದಾದರೆ ಆ ನ್ಯಾಯವೇ ಬಿದ್ದುಹೋಗುತ್ತದೆ. ವಿಜ್ಞಾನದಿಂದ ಸಿಕ್ಕಿತೆಂದು ಬೀಗರು ಸಂಭ್ರಮಿಸುವ ರುಜುವಾತು ನಿಜವಾದರೆ ಮೊದಲ ಏಟು ಬೀಳುವುದು ವೇದಾಂತಕ್ಕೇ.

ಕರ್ಮವನ್ನು ನಂಬುವವರು ನಂಬಲಿ, ಅದಕ್ಕೆ ಬೇಕಾದ ವಾದಗಳನ್ನು ಶಾಸ್ತ್ರಕಾರರೇ ಕಟ್ಟಿಟ್ಟಿದ್ದಾರೆ. ಅರಾಬಿಡಾಪ್ಸಿಸ್ಸನ್ನು ಮಾತ್ರ ದಯವಿಟ್ಟು ಸಾಕ್ಷಿಗೆ ಕರೆಯಬೇಡಿ.