ಮೇಲೆ ನಿಂತವನ ಕೂಗು

ಕೃಷ್ಣೆ, ತುಂಗಭದ್ರೆಯರ ನಡುವಿನ ಸೀಮೆ ನಮ್ಮದು. ಆದರೂ ಬೇಸಿಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವುದು ತಪ್ಪಿಲ್ಲ. ಒಂದು ಏಪ್ರಿಲ್ ಮಧ್ಯಾಹ್ನ ರಾಯಚೂರಿನಿಂದ ಮಾನ್ವಿಗೆ ಹೊರಟ ನಮ್ಮ ಬಸ್ಸು ಕೆಟ್ಟು ನಿಂತಿತು. ಎದುರಿಗೇ ಒಂದು ಬೋರ್‌ವೆಲ್ಲಿನಿಂದ ಟ್ಯಾಂಕರಿಗೆ ನೀರು ತುಂಬಿಸುತ್ತಿದ್ದರು. ನೋಡುತ್ತಿದ್ದಂತೆಯೇ ಬಾಯಿ ತುಂಬಿ ನೀರು ನಾಲ್ಕೂ ಕಡೆ ಸುರಿಯತೊಡಗಿತು. ಕೊಡ ಹಿಡಿದು ಪಾಳಿಯಲ್ಲಿ ಕೂತಿದ್ದ ಹೆಂಗಸರು ಓಡಿಬಂದು ಸಿಕ್ಕಷ್ಟು ಹಿಡಿದುಕೊಂಡರು. ಉಳಿದದ್ದು ಎರೆ ಮಣ್ಣಿನ ಪಾಲಾಯಿತು. ಟ್ಯಾಂಕರಿನ ಮೇಲೆ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. "ಕಣ್ಣು ಎಲ್ಲಿಟ್ಟಿದ್ದೀಯೋ?" ಎಂದು ಎಲ್ಲರೆದುರಿಗೇ ಗದರಿಸಿಬಿಟ್ಟೆ.

"ನಾ ಒದರೀನ್ರಿ ಅಕ್ಕೋರ, ಜನರೇಟರ್ ಸಪ್ಪಳದಾಗ ಕಾಕಾಗ ಕೇಳಲಿಲ್ಲ" ಎಂದ.

ಬಸ್ಸು ಹೊರಟಿತು. ಅವನ ಮಾತು ಮಾತ್ರ ನನ್ನ ಜೊತೆಗೇ ಬಂತು. ಹಾಲು ಕಾಯಿಸುವಾಗ ನೋಡುವ ಕಣ್ಣೂ ನಮ್ಮದೇ, ಒಲೆ ಆರಿಸುವ ಕೈಯೂ ನಮ್ಮದೇ. ಉಕ್ಕಿದರೆ ತಪ್ಪು ಯಾರದೆಂದು ಕೇಳಬೇಕಾಗಿಲ್ಲ. ಇಲ್ಲಿ ಹಾಗಲ್ಲ. ಕಾಣುವವನ ಕೈಯಲ್ಲಿ ಸ್ವಿಚ್ಚಿಲ್ಲ, ಸ್ವಿಚ್ಚಿದ್ದವನಿಗೆ ಕಾಣುವುದಿಲ್ಲ.

ನೀರಾದರೆ ನೆಲ ತೊಯ್ಯುತ್ತದೆ, ಅಷ್ಟೇ. ಪೆಟ್ರೋಲ್ ಟ್ಯಾಂಕರಿನಲ್ಲಿ ಬೇಕೆಂದೇ ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ. 12,000 ಲೀಟರ್ ಪೆಟ್ರೋಲಿಗೆ 10 ಡಿಗ್ರಿ ಬಿಸಿ ಏರಿದರೆ ಅದು 100 ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ನಮ್ಮ ಊರಿನ ಬಿಸಿಲಿಗೆ ಇದೇನು ಹೆಚ್ಚಿನ ಮಾತಲ್ಲ. ಈಗ ಅನೇಕ ಕಡೆ ಟ್ಯಾಂಕರಿನೊಳಗೆ ಸೆನ್ಸರ್ ಇಟ್ಟು, ಅದರ ತಂತಿಯನ್ನು ಪಂಪಿಗೆ ಜೋಡಿಸುತ್ತಾರೆ. ಪೆಟ್ರೋಲು ಗುರುತು ಮುಟ್ಟಿದರೆ ಪಂಪು ತಾನೇ ನಿಲ್ಲುತ್ತದೆ. ತಂತಿ ಜೋಡಿಸದಿದ್ದರೆ ಶುರುವೇ ಆಗುವುದಿಲ್ಲ. ನೋಡುವ ಕಣ್ಣನ್ನೂ ನಿಲ್ಲಿಸುವ ಕೈಯನ್ನೂ ಒಂದುಗೂಡಿಸಿದ್ದಾರೆ.

ಯಂತ್ರವನ್ನು ನಂಬಿ ಕೂತವರೂ ಇದ್ದಾರೆ. 2005ರ ಡಿಸೆಂಬರ್ 11ರ ಬೆಳಗಿನ ಜಾವ ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ಎಂಬಲ್ಲಿ ಒಂದು ದೊಡ್ಡ ಪೆಟ್ರೋಲ್ ಟ್ಯಾಂಕು ತುಂಬಿ ಹರಿಯಿತು. ಮಟ್ಟ ತೋರಿಸುವ ಮಾಪಕ ಅಂಟಿಕೊಂಡು ನಿಂತಿತ್ತು. ಅದು ಕೈಕೊಟ್ಟರೆ ಇರಲೆಂದು ಇಟ್ಟಿದ್ದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಆವಿ ಮೋಡದಂತೆ ಹಬ್ಬಿ ಸಿಡಿಯಿತು. 40ಕ್ಕೂ ಹೆಚ್ಚು ಜನ ಗಾಯಗೊಂಡರು. ಭಾನುವಾರವಾದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ.

ಹಾಗಾದರೆ ಕೂಗಿದವನ ಕರ್ತವ್ಯ ಕೂಗಿದಲ್ಲಿಗೇ ಮುಗಿಯಿತೇ? ಈ ಪ್ರಶ್ನೆ ಕೇಳಲು ನನಗೆ ಮುಜುಗರವಾಗುತ್ತದೆ. ಒಂದು ವರ್ಷ ನನ್ನ ತರಗತಿಗೆ 90 ಮಕ್ಕಳನ್ನು ತುಂಬಿದ್ದರು. ಹಿಂದಿನ ಸಾಲಿನವರ ಮುಖವೇ ಕಾಣುತ್ತಿರಲಿಲ್ಲ. ಒಂದು ಅರ್ಜಿ ಬರೆದುಕೊಟ್ಟೆ. ಉತ್ತರ ಬರಲಿಲ್ಲ. ಹೇಳುವುದು ಹೇಳಿಯಾಯಿತಲ್ಲ ಎಂದು ಸುಮ್ಮನಾದೆ. ಆ ವರ್ಷ ಮೂವರು ಹುಡುಗಿಯರು ಶಾಲೆ ಬಿಟ್ಟರು. ಒಬ್ಬಳು ಬಿಟ್ಟದ್ದು ನನಗೆ ಗೊತ್ತಾಗಲು ಹದಿನೈದು ದಿನ ಬೇಕಾಯಿತು. ನಾನೂ ಕೂಗಿದ್ದೆ, ನಿಜ. ಆದರೆ ಕೆಳಗಿಳಿದು ಹೋಗಿ ಕಾಕಾನ ಭುಜ ಅಲುಗಿಸಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ದೇವದುರ್ಗದ ರಸ್ತೆಯಲ್ಲಿ ಇನ್ನೊಂದು ಟ್ಯಾಂಕರ್ ನೀರು ತುಂಬಿಸಿಕೊಳ್ಳುತ್ತಿತ್ತು. ಮೇಲೆ ನಿಂತವನ ಕೈಯಲ್ಲಿ ಒಂದು ಹಗ್ಗ, ಅದರ ಇನ್ನೊಂದು ತುದಿ ಕೆಳಗೆ ಸ್ವಿಚ್ಚಿನ ಹತ್ತಿರ ಕೂತ ಮುದುಕನ ಮುಂಗೈಗೆ ಕಟ್ಟಿತ್ತು. ನನ್ನ ವಿದ್ಯಾರ್ಥಿಯೇ ಇರಬಹುದೆಂದು ಕಿಟಕಿಯಿಂದ ಬಗ್ಗಿ ನೋಡಿದೆ. ಅವನಲ್ಲ.